ಯಾರ ಬೆವರು, ಯಾರ ಹಾಲು: ‘ಅನಿಮಲ್ ಫಾರ್ಮ್’ನಲ್ಲಿ ದುಡಿಮೆಯ ಲೆಕ್ಕ

ಜಾರ್ಜ್ ಆರ್ವೆಲ್ ಅವರ ‘ಅನಿಮಲ್ ಫಾರ್ಮ್’ ಕಾದಂಬರಿಯಲ್ಲಿ ಯಜಮಾನ ಜೋನ್ಸ್‌ನನ್ನು ಓಡಿಸಿದ ಪ್ರಾಣಿಗಳು ಕಣಜದ ಗೋಡೆಯ ಮೇಲೆ ಏಳು ಆಜ್ಞೆಗಳನ್ನು ಬರೆದುಕೊಳ್ಳುತ್ತವೆ. ಎರಡು ಕಾಲಿನವರೆಲ್ಲ ಶತ್ರುಗಳು. ನಾಲ್ಕು ಕಾಲಿನವರು, ರೆಕ್ಕೆಯವರು ಮಿತ್ರರು. ಬಟ್ಟೆ ತೊಡಬಾರದು, ಹಾಸಿಗೆಯಲ್ಲಿ ಮಲಗಬಾರದು, ಮದ್ಯ ಕುಡಿಯಬಾರದು, ಇನ್ನೊಂದು ಪ್ರಾಣಿಯನ್ನು ಕೊಲ್ಲಬಾರದು. ಎಲ್ಲ ಪ್ರಾಣಿಗಳೂ ಸಮಾನ. ಈ ಏಳನ್ನೂ ಇನ್ನೊಮ್ಮೆ ಓದಿ ನೋಡಿ. ಯಾರು ದುಡಿಯಬೇಕು, ದಿನಕ್ಕೆ ಎಷ್ಟು ಹೊತ್ತು ದುಡಿಯಬೇಕು, ಬೆಳೆದದ್ದನ್ನು ಯಾರು ಅಳೆದು ಯಾರಿಗೆ ಹಂಚಬೇಕು ಎಂಬುದರ ಬಗ್ಗೆ ಒಂದು ಅಕ್ಷರವೂ ಇಲ್ಲ. ಮುಂದೆ ನಡೆಯುವ ದುರಂತವೆಲ್ಲ ಈ ಬಿಟ್ಟುಹೋದ ಮಾತಿನಿಂದಲೇ ಮೊಳೆಯುತ್ತದೆ ಎಂದು ನಾನು ನಂಬುತ್ತೇನೆ.

ಕಾದಂಬರಿ 1945ರ ಆಗಸ್ಟ್ 17ರಂದು ಲಂಡನ್ನಿನಲ್ಲಿ ಪ್ರಕಟವಾಯಿತು. 1917ರ ರಷ್ಯಾದ ಕ್ರಾಂತಿಯನ್ನೂ ಅದು ಸ್ಟಾಲಿನ್ನನ ಸರ್ವಾಧಿಕಾರವಾಗಿ ತಿರುಗಿದ ಬಗೆಯನ್ನೂ ಒಂದು ಇಂಗ್ಲಿಷ್ ಜಮೀನಿನ ಕಥೆಯಾಗಿ ಹೇಳುವ ಕೃತಿ ಇದು. ನೆಪೋಲಿಯನ್ ಎಂಬ ಹಂದಿಯಲ್ಲಿ ಸ್ಟಾಲಿನ್, ಸ್ನೋಬಾಲ್ ಎಂಬ ಹಂದಿಯಲ್ಲಿ ಅವನ ಎದುರಾಳಿ ಟ್ರಾಟ್‌ಸ್ಕಿ ಎಂಬ ಹೋಲಿಕೆಗಳು ಎಲ್ಲರಿಗೂ ಗೊತ್ತು. ಅಧಿಕಾರ ಹೇಗೆ ಕೆಡುತ್ತದೆ, ಗೋಡೆಯ ಮೇಲಿನ ಅಕ್ಷರಗಳನ್ನು ರಾತ್ರೋರಾತ್ರಿ ಹೇಗೆ ತಿದ್ದಲಾಗುತ್ತದೆ ಎಂಬುದನ್ನೂ ತರಗತಿಗಳಲ್ಲಿ ವಿವರಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಪುಟ ತಿರುವುತ್ತ ಹೋದವರಿಗೆ ಭಾಷಣಕ್ಕಿಂತ ಹೆಚ್ಚಾಗಿ ಕಾಣುವುದು ಹುಲ್ಲು ಕೊಯ್ಯುವುದು, ಕಲ್ಲು ಎಳೆಯುವುದು, ಮೊಟ್ಟೆ ಎಣಿಸುವುದು, ಪಡಿ ಅಳೆಯುವುದು. ಅಧಿಕಾರದ ಕಥೆಯ ಅಡಿಯಲ್ಲಿ ದುಡಿಮೆಯ ಕಥೆಯೊಂದು ಅಧ್ಯಾಯದಿಂದ ಅಧ್ಯಾಯಕ್ಕೆ ಸಾಗುತ್ತದೆ. ಅದನ್ನು ಹಿಡಿದರೆ ಉಳಿದದ್ದೆಲ್ಲ ತಾನಾಗಿ ಸ್ಪಷ್ಟವಾಗುತ್ತದೆ.

ಈ ಕಥೆ ಹುಟ್ಟಿದ್ದೂ ದುಡಿಮೆಯ ದೃಶ್ಯವೊಂದರಿಂದ. 1947ರಲ್ಲಿ ಬಂದ ಉಕ್ರೇನಿಯನ್ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ ಆರ್ವೆಲ್ ಅದನ್ನು ನೆನೆದಿದ್ದಾರೆ. ಹತ್ತು ವರ್ಷದ ಆಸುಪಾಸಿನ ಹುಡುಗನೊಬ್ಬ ದೈತ್ಯಗಾತ್ರದ ಬಂಡಿಕುದುರೆಯನ್ನು ಕಿರಿದಾದ ಹಾದಿಯಲ್ಲಿ ಹೊಡೆದುಕೊಂಡು ಹೋಗುತ್ತಿದ್ದ. ಕುದುರೆ ತಿರುಗಲು ನೋಡಿದಾಗಲೆಲ್ಲ ಚಾಟಿಯೇಟು. ಇಂಥ ಪ್ರಾಣಿಗಳಿಗೆ ತಮ್ಮ ಬಲದ ಅರಿವಾದರೆ ಮನುಷ್ಯರ ಆಟ ನಡೆಯದು, ಉಳ್ಳವರು ಕಾರ್ಮಿಕರನ್ನು ದುಡಿಸಿಕೊಳ್ಳುವ ರೀತಿಯೇ ಮನುಷ್ಯ ಪ್ರಾಣಿಯನ್ನು ದುಡಿಸಿಕೊಳ್ಳುವ ರೀತಿ ಎಂದು ಅವರಿಗೆ ಹೊಳೆಯಿತು. ಸ್ಟಾಲಿನ್ನನ ಬಗ್ಗೆ ಬರೆಯಬೇಕೆಂಬ ಹಟ ಮೊದಲೇ ಇತ್ತು. ಅದಕ್ಕೆ ರೂಪ ಕೊಟ್ಟದ್ದು ಈ ಕುದುರೆ.

ಆರ್ವೆಲ್ ದುಡಿಮೆಯನ್ನು ದೂರದಿಂದ ನೋಡಿದವರಲ್ಲ. ಪ್ಯಾರಿಸ್ಸಿನ ಹೋಟೆಲಿನಲ್ಲಿ ಪಾತ್ರೆ ತೊಳೆದಿದ್ದರು, ಕೆಂಟ್ ಪ್ರಾಂತದಲ್ಲಿ ಬಿಯರ್‌ಗೆ ಬಳಸುವ ಹಾಪ್ಸ್ ಬಿಡಿಸುವ ಕೂಲಿಗೆ ಹೋಗಿದ್ದರು, 1936ರಲ್ಲಿ ಉತ್ತರ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಿಗೆ ಇಳಿದಿದ್ದರು. ಅದೇ ವರ್ಷ ಹರ್ಟ್‌ಫರ್ಡ್‌ಶೈರ್‌ನ ವಾಲಿಂಗ್ಟನ್ ಎಂಬ ಹಳ್ಳಿಯಲ್ಲಿ ಮನೆ ಮಾಡಿ ಕೋಳಿ, ಮೇಕೆ ಸಾಕಿದರು. ದಿನಕ್ಕೆ ಎಷ್ಟು ಮೊಟ್ಟೆ ಬಂತು ಎಂದು ದಿನಚರಿಯಲ್ಲಿ ಬರೆದಿಡುತ್ತಿದ್ದರು. ಕಾದಂಬರಿಯಲ್ಲಿ ಮೊಟ್ಟೆಯ ಲೆಕ್ಕ ಅಷ್ಟು ಖಚಿತವಾಗಿ ಬರುವುದು ಆಕಸ್ಮಿಕವಲ್ಲ.

ಮುದಿ ಹಂದಿಯ ಗಣಿತ

ಕಾದಂಬರಿ ತೆರೆದುಕೊಳ್ಳುವುದು ಮೇನರ್ ಫಾರ್ಮ್‌ನ ಕಣಜದಲ್ಲಿ ನಡೆಯುವ ರಾತ್ರಿ ಸಭೆಯಿಂದ. ಹನ್ನೆರಡು ವರ್ಷದ ಗಂಡುಹಂದಿ ಓಲ್ಡ್ ಮೇಜರ್ ಅಲ್ಲಿ ಮಾಡುವ ಭಾಷಣ ಕಾರ್ಲ್ ಮಾರ್ಕ್ಸ್ 1867ರ ‘ಕ್ಯಾಪಿಟಲ್’ ಗ್ರಂಥದಲ್ಲಿ ನೂರಾರು ಪುಟ ವಿವರಿಸಿದ ಒಂದು ವಿಚಾರವನ್ನು ಕೆಲವೇ ಮಾತುಗಳಲ್ಲಿ ಮುಟ್ಟಿಸುತ್ತದೆ.

ಆ ವಿಚಾರದ ಹೆಸರು ಹೆಚ್ಚುವರಿ ಮೌಲ್ಯ. ಹೆದರಿಸುವ ಹೆಸರಾದರೂ ತಿರುಳು ಸರಳ. ಒಂದು ಕುದುರೆ ದಿನವಿಡೀ ಉಳುತ್ತದೆ ಎನ್ನೋಣ. ಮರುದಿನವೂ ಅದು ನೊಗಕ್ಕೆ ಬರಬೇಕಾದರೆ ಇಷ್ಟು ಮೇವು, ಇಷ್ಟು ನೀರು, ಮಲಗಲು ಒಂದು ಲಾಯ ಬೇಕು. ಆ ಮೇವಿಗೆ ಸಮನಾದ ಬೆಲೆಯನ್ನು ಕುದುರೆ ಕೆಲವೇ ಗಂಟೆಗಳ ಉಳುಮೆಯಲ್ಲಿ ದುಡಿದುಬಿಡುತ್ತದೆ. ಆದರೆ ಅಷ್ಟಕ್ಕೆ ಯಾರೂ ಅದನ್ನು ಬಿಚ್ಚಿ ಮೇಯಲು ಬಿಡುವುದಿಲ್ಲ. ಉಳಿದ ಗಂಟೆಗಳ ಉಳುಮೆಯಿಂದ ಬಂದ ಫಸಲು ಯಜಮಾನನ ಪಾಲು. ಕಾರ್ಖಾನೆಯ ಕೂಲಿಗೂ ಇದೇ ಲೆಕ್ಕ. ಕೂಲಿಯೆಂದು ಕೈಗೆ ಬರುವುದು ಮರುದಿನ ದುಡಿಯಲು ಬೇಕಾದಷ್ಟು. ಮಿಕ್ಕದ್ದು ಮಾಲೀಕನಿಗೆ.

ಮೇಜರ್ ಇದನ್ನು ತತ್ತ್ವವಾಗಿ ಹೇಳುವುದಿಲ್ಲ, ಪ್ರಶ್ನೆಯಾಗಿ ಕೇಳುತ್ತದೆ. ಹಸುಗಳೇ, ಕಳೆದ ವರ್ಷ ಎಷ್ಟು ಸಾವಿರ ಗ್ಯಾಲನ್ ಹಾಲು ಕೊಟ್ಟಿರಿ, ಅದೆಲ್ಲ ಎಲ್ಲಿ ಹೋಯಿತು? ಕೋಳಿಗಳೇ, ಎಷ್ಟು ಮೊಟ್ಟೆ ಇಟ್ಟಿರಿ, ಅವುಗಳಲ್ಲಿ ಮರಿಯಾದದ್ದು ಎಷ್ಟು? ಹೆಣ್ಣುಕುದುರೆ ಕ್ಲೋವರ್, ನಿನ್ನ ಮುಪ್ಪಿಗೆ ಆಸರೆಯಾಗಬೇಕಿದ್ದ ನಾಲ್ಕು ಮರಿಗಳೆಲ್ಲಿ? ಮನುಷ್ಯ ಹಾಲು ಕೊಡುವುದಿಲ್ಲ, ಮೊಟ್ಟೆ ಇಡುವುದಿಲ್ಲ, ನೇಗಿಲು ಎಳೆಯಲು ಅವನಿಗೆ ಬಲವಿಲ್ಲ, ಆದರೂ ಅವನೇ ಒಡೆಯ. ಬಾಕ್ಸರ್ ಎಂಬ ಬಂಡಿಕುದುರೆಗಂತೂ ಅದರ ಮುಂದಿನ ಗತಿಯನ್ನೇ ಹೇಳುತ್ತದೆ: ಆ ದೊಡ್ಡ ಮಾಂಸಖಂಡಗಳು ಬಲ ಕಳೆದುಕೊಂಡ ದಿನವೇ ಜೋನ್ಸ್ ನಿನ್ನನ್ನು ಕಟುಕನಿಗೆ ಮಾರುತ್ತಾನೆ.

ರೋಗನಿದಾನ ಸರಿಯಾಗಿದೆ. ಮದ್ದಿನಲ್ಲಿ ಒಂದು ಬಿರುಕಿದೆ. ಮನುಷ್ಯನೊಬ್ಬನನ್ನು ತೊಲಗಿಸಿದರೆ ಸಾಕು, ನಮ್ಮ ದುಡಿಮೆಯ ಫಲ ನಮ್ಮದಾಗುತ್ತದೆ ಎನ್ನುತ್ತದೆ ಮೇಜರ್. ‘ನಮ್ಮದು’ ಎಂದರೆ ಯಾರದು? ಕಣಜದ ಬೀಗದ ಕೈ ಯಾರ ಬಳಿ ಇರುತ್ತದೆ? ಶೋಷಣೆಯೆನ್ನುವುದು ಜೋನ್ಸ್ ಎಂಬ ವ್ಯಕ್ತಿಯೊಳಗೆ, ಅವನ ಎರಡು ಕಾಲಿನೊಳಗೆ ಇದೆ ಎಂದು ಸಭೆ ತಿಳಿಯಿತು. ಆದ್ದರಿಂದಲೇ ಆಜ್ಞೆಗಳು ಕಾಲು, ಬಟ್ಟೆ, ಹಾಸಿಗೆ, ಮದ್ಯಗಳ ಸುತ್ತ ಹೆಣೆದುಕೊಂಡವು. ಯಜಮಾನನ ವೇಷವನ್ನು ನಿಷೇಧಿಸಿದರು, ಯಜಮಾನನ ಕೆಲಸವನ್ನು ನಿಷೇಧಿಸಲಿಲ್ಲ.

ಐದು ಬಕೆಟ್ ಹಾಲು

ಬಂಡಾಯ ಏಳುವುದು ಭಾಷಣದಿಂದಲ್ಲ, ಹಸಿವಿನಿಂದ. ಜೋನ್ಸ್ ಕುಡಿದು ಬಿದ್ದಿದ್ದ. ಆಳುಗಳು ಬೆಳಗ್ಗೆ ಹಸುಗಳ ಹಾಲು ಕರೆದುಕೊಂಡು, ಮೇವು ಹಾಕದೆಯೇ ಮೊಲದ ಬೇಟೆಗೆ ಹೋದರು. ಸಂಜೆಯವರೆಗೆ ತಡೆದುಕೊಂಡ ಪ್ರಾಣಿಗಳಲ್ಲಿ ಒಂದು ಹಸು ಉಗ್ರಾಣದ ಬಾಗಿಲನ್ನು ಕೊಂಬಿನಿಂದ ಒಡೆಯಿತು. ಹಾಲು ತೆಗೆದುಕೊಂಡು ಮೇವು ಕೊಡದ ದಿನವೇ ಹಳೆಯ ವ್ಯವಸ್ಥೆ ಕುಸಿಯಿತು.

ಹೊಸ ವ್ಯವಸ್ಥೆಯ ಶುರುವಾತಿನಲ್ಲೂ ಹಾಲೇ ಇದೆ. ಜೋನ್ಸ್ ಓಡಿಹೋದ ಮೇಲೆ ಹಸುಗಳನ್ನು ಕರೆಯುವವರಿಲ್ಲದೆ ಕೆಚ್ಚಲು ಬಿಗಿದಿದ್ದವು. ಹಂದಿಗಳು ತಮ್ಮ ಕಾಲಿನಲ್ಲೇ ಹೇಗೋ ಕರೆದವು. ಐದು ಬಕೆಟ್ ನೊರೆಹಾಲು. ಇದನ್ನೇನು ಮಾಡುವುದು ಎಂಬ ಪ್ರಶ್ನೆ ಎದ್ದಿತು. ಜೋನ್ಸ್ ಕೆಲವೊಮ್ಮೆ ನಮ್ಮ ಮೇವಿಗೆ ಸ್ವಲ್ಪ ಬೆರೆಸುತ್ತಿದ್ದ ಎಂದು ಕೋಳಿಯೊಂದು ನೆನಪಿಸಿತು. ನೆಪೋಲಿಯನ್ ಬಕೆಟ್ಟುಗಳ ಮುಂದೆ ಬಂದು ನಿಂತು, ಹಾಲಿನ ಚಿಂತೆ ಬಿಡಿ, ಕೊಯ್ಲು ಮುಖ್ಯ ಎಂದಿತು. ಎಲ್ಲರೂ ಹುಲ್ಲುಗಾವಲಿಗೆ ಹೋದರು. ಸಂಜೆ ಬಂದು ನೋಡಿದಾಗ ಹಾಲಿರಲಿಲ್ಲ.

ಈ ಸಣ್ಣ ಘಟನೆಯನ್ನು ಓದುಗರು ಹಲವು ಸಲ ದಾಟಿಹೋಗುತ್ತಾರೆ. ಆರ್ವೆಲ್ ಮಾತ್ರ ಇದನ್ನೇ ಕಥೆಯ ತಿರುವು ಎಂದಿದ್ದಾರೆ. 1946ರ ಕೊನೆಯಲ್ಲಿ ಅಮೆರಿಕದ ಲೇಖಕ ಡ್ವೈಟ್ ಮ್ಯಾಕ್‌ಡೊನಾಲ್ಡ್ ಅವರಿಗೆ ಬರೆದ ಪತ್ರದಲ್ಲಿ, ಹಂದಿಗಳು ಹಾಲು ಮತ್ತು ಸೇಬನ್ನು ತಮಗೇ ಇಟ್ಟುಕೊಂಡಾಗಲೇ ಉಳಿದ ಪ್ರಾಣಿಗಳು ಗಟ್ಟಿಯಾಗಿ ನಿಂತಿದ್ದರೆ ಎಲ್ಲ ಸರಿಯಾಗುತ್ತಿತ್ತು ಎಂದು ವಿವರಿಸಿದರು. ರಷ್ಯಾದ ಇತಿಹಾಸದಲ್ಲಿ ಇದಕ್ಕೆ ಸಮನಾದ ಗಳಿಗೆಯಾಗಿ ಅವರು ಹೆಸರಿಸಿದ್ದು ಕ್ರೋನ್‌ಸ್ಟಾಟ್ ಎಂಬ ನೌಕಾನೆಲೆಯ ದಂಗೆ. 1921ರಲ್ಲಿ ಅಲ್ಲಿನ ನಾವಿಕರು ಸೋವಿಯತ್ತುಗಳೆಂಬ ಜನಮಂಡಳಿಗಳಿಗೆ ಮುಕ್ತ ಚುನಾವಣೆ ಬೇಕೆಂದೂ ದುಡಿಯುವವರೆಲ್ಲರಿಗೂ ಸಮಾನ ಪಡಿ ಬೇಕೆಂದೂ ಕೇಳಿ ಎದ್ದಾಗ ಕೆಂಪು ಸೇನೆ ಅವರನ್ನು ಹತ್ತಿಕ್ಕಿತು.

ಹಾಲು ಹಂದಿಗಳ ಪಾಲಾದದ್ದಕ್ಕೆ ಅವುಗಳ ವಕ್ತಾರ ಹಂದಿ ಸ್ಕ್ವೀಲರ್ ಕೊಡುವ ಸಮರ್ಥನೆ ದುಡಿಮೆಯ ಭಾಷೆಯಲ್ಲೇ ಇದೆ. ನಾವು ಬುದ್ಧಿಯಿಂದ ದುಡಿಯುವವರು, ಜಮೀನಿನ ಆಡಳಿತವೆಲ್ಲ ನಮ್ಮ ಮೇಲಿದೆ, ಹಾಲು ಸೇಬು ನಮಗೆ ರುಚಿಸದಿದ್ದರೂ ನಿಮ್ಮ ಹಿತಕ್ಕಾಗಿಯೇ ಸೇವಿಸುತ್ತಿದ್ದೇವೆ! ಇಲ್ಲೊಂದು ವಿವರವನ್ನು ಮರೆಯಬಾರದು. ಬೇರೆಲ್ಲದರಲ್ಲೂ ಜಗಳವಾಡುವ ಸ್ನೋಬಾಲ್ ಮತ್ತು ನೆಪೋಲಿಯನ್ ಈ ವಿಷಯದಲ್ಲಿ ಒಂದಾಗಿದ್ದವು. ಸ್ನೋಬಾಲ್ ಉಳಿದಿದ್ದರೆ ಜಮೀನು ಸ್ವರ್ಗವಾಗುತ್ತಿತ್ತು ಎಂದು ನಂಬುವವರಿಗೆ ಆರ್ವೆಲ್ ಇಲ್ಲೇ ಉತ್ತರ ಕೊಟ್ಟಿದ್ದಾರೆ.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಕೆಸರಾದ ಕೈಯೂ ಮೊಸರುಣ್ಣುವ ಬಾಯಿಯೂ ಒಬ್ಬರದೇ ಎಂಬ ನಂಬಿಕೆ ಆ ಗಾದೆಯಲ್ಲಿದೆ. ಆ ನಂಬಿಕೆ ಯಾವಾಗ, ಯಾವ ಮಾತಿನ ಮರೆಯಲ್ಲಿ ಮುರಿಯುತ್ತದೆ ಎಂಬುದನ್ನು ಈ ಐದು ಬಕೆಟ್ಟುಗಳಷ್ಟು ಚೊಕ್ಕವಾಗಿ ತೋರಿಸಿದ ದೃಶ್ಯ ನನಗೆ ಬೇರೆ ಕಾದಂಬರಿಗಳಲ್ಲಿ ಸಿಕ್ಕಿಲ್ಲ.

ಸುಗ್ಗಿಯ ಸಂತೋಷ

ಆದರೂ ಆ ಮೊದಲ ಬೇಸಿಗೆಯ ಸಂತೋಷ ಹುಸಿಯಲ್ಲ. ಆರ್ವೆಲ್ ಅದನ್ನು ಪ್ರೀತಿಯಿಂದ ಬರೆದಿದ್ದಾರೆ. ಉಪಕರಣಗಳೆಲ್ಲ ಮನುಷ್ಯರ ಕೈಗೆ ಮಾಡಿದವು, ಹಿಂಗಾಲಿನ ಮೇಲೆ ನಿಂತು ಹಿಡಿಯಬೇಕಾದ ಸಾಧನಗಳನ್ನು ಯಾವ ಪ್ರಾಣಿಯೂ ಬಳಸಲಾರದು. ಅಷ್ಟಾದರೂ ಜೋನ್ಸ್ ಮತ್ತು ಅವನ ಆಳುಗಳಿಗೆ ಬೇಕಾಗುತ್ತಿದ್ದುದಕ್ಕಿಂತ ಎರಡು ದಿನ ಮೊದಲೇ ಹುಲ್ಲಿನ ಕೊಯ್ಲು ಮುಗಿಯಿತು. ಬಾತುಕೋಳಿಗಳು, ಹೇಂಟೆಗಳು ಕೊಕ್ಕಿನಲ್ಲಿ ಒಂದೊಂದು ಎಳೆ ಹುಲ್ಲು ಹಿಡಿದು ಬಿಸಿಲಲ್ಲಿ ಓಡಾಡಿದವು. ಒಂದು ಕಡ್ಡಿಯೂ ಪೋಲಾಗಲಿಲ್ಲ, ಯಾರೂ ಒಂದು ತುತ್ತೂ ಕದಿಯಲಿಲ್ಲ. ತಾವೇ ತಮಗಾಗಿ ಬೆಳೆದದ್ದು ಎಂಬ ಕಾರಣಕ್ಕೆ ತಿನ್ನುವ ಪ್ರತಿ ತುತ್ತೂ ರುಚಿಸಿತು.

ದುಡಿಮೆ ಸ್ವಭಾವತಃ ಶಿಕ್ಷೆಯಲ್ಲ ಎಂಬುದನ್ನು ಈ ಅಧ್ಯಾಯ ಹೇಳುತ್ತದೆ. ಮಾರ್ಕ್ಸ್ ಪರಕೀಯತೆ ಎಂದು ಕರೆದದ್ದು ಇದರ ಎದುರು ಮುಖ: ದುಡಿಯುವವನಿಗೆ ತಾನು ಮಾಡಿದ ವಸ್ತುವೂ ಮಾಡುವ ಕ್ರಿಯೆಯೂ ಅನ್ಯವಾಗಿಬಿಡುವುದು. ಸುಗ್ಗಿಯ ಆ ಕೆಲವು ದಿನ ಪರಕೀಯತೆ ಕರಗಿತ್ತು. ಆರ್ವೆಲ್ ಸಮಾಜವಾದವನ್ನೇ ಗೇಲಿ ಮಾಡಿದರು ಎನ್ನುವವರು ಈ ಪುಟಗಳನ್ನು ಓದಿಲ್ಲವೆಂದೇ ನನ್ನ ಅನಿಸಿಕೆ. ಗೇಲಿ ಮಾಡುವವರು ಕಳೆದುಹೋಗುವ ವಸ್ತುವನ್ನು ಇಷ್ಟು ಚೆಲುವಾಗಿ ಚಿತ್ರಿಸುವುದಿಲ್ಲ.

ಅದೇ ದೃಶ್ಯದ ಅಂಚಿನಲ್ಲಿ ಇನ್ನೊಂದು ಚಿತ್ರವಿದೆ. ಬಾಕ್ಸರ್ ಮತ್ತು ಕ್ಲೋವರ್ ಕೊಯ್ಯುವ ಯಂತ್ರಕ್ಕೆ ತಾವೇ ಹೂಡಿಕೊಂಡು ಹೊಲ ಸುತ್ತುತ್ತವೆ. ಹಿಂದೆ ಒಂದು ಹಂದಿ ನಡೆಯುತ್ತ ‘ನಡೆ ಸಂಗಾತಿ’, ‘ನಿಲ್ಲು ಸಂಗಾತಿ’ ಎಂದು ಕೂಗುತ್ತದೆ. ಲಗಾಮು, ಕಡಿವಾಣ, ಚಾಟಿಗಳನ್ನು ಸುಟ್ಟು, ಬಾವಿಗೆ ಎಸೆದು ಆಗಿದೆ. ಆದರೆ ಎಳೆಯುವವರು ಮುಂದೆ, ಹೊಡೆಯುವವರು ಹಿಂದೆ ಎಂಬ ಕ್ರಮ ಹಾಗೆಯೇ ಉಳಿದಿದೆ. ಹಂದಿಗಳು ದುಡಿಯಲಿಲ್ಲ, ಮೇಲ್ವಿಚಾರಣೆ ಮಾಡಿದವು, ತಿಳಿವಳಿಕೆ ಹೆಚ್ಚಿದ್ದರಿಂದ ಅವು ಮುಂದಾಳುಗಳಾದದ್ದು ಸಹಜವೇ ಎನ್ನುತ್ತದೆ ನಿರೂಪಣೆ.

ತಿಳಿವಳಿಕೆಯ ಈ ಅಂತರವೂ ದುಡಿಮೆಯಿಂದಲೇ ಬೆಳೆಯುತ್ತದೆ. ಓದು ಕಲಿಯಲು ಬಿಡುವು ಬೇಕು. ಬಾಕ್ಸರ್‌ಗೆ ನಾಲ್ಕು ಅಕ್ಷರಗಳ ಆಚೆ ದಾಟಲಾಗಲಿಲ್ಲ. ಮಣ್ಣಿನಲ್ಲಿ ಗೊರಸಿನಿಂದ ಎ, ಬಿ, ಸಿ, ಡಿ ಬರೆದು, ಮುಂದಿನದು ನೆನಪಾಗದೆ ಕಿವಿ ಹಿಂದಕ್ಕೆ ಮಾಡಿ ನೋಡುತ್ತ ನಿಲ್ಲುತ್ತಿತ್ತು. ಗೋಡೆಯ ಮೇಲಿನ ಆಜ್ಞೆಗಳನ್ನು ತಿದ್ದಿದಾಗ ಓದಿ ಹಿಡಿಯಬಲ್ಲವರು ವಿರಳ. ಬೆನ್ನು ಮುರಿಯುವ ಕೆಲಸ ಮತ್ತು ಅಕ್ಷರ ಇವೆರಡೂ ಬೇರೆ ಬೇರೆ ಜಾತಿಗಳ ಪಾಲಾದರೆ ಏನಾಗುತ್ತದೆ ಎಂದು ನಮ್ಮ ನೆಲದಲ್ಲಿ ಯಾರಿಗೂ ವಿವರಿಸಬೇಕಿಲ್ಲ.

ಎಲ್ಲರೂ ಬಾಕ್ಸರ್‌ನಂತೆ ದುಡಿಯುವುದಿಲ್ಲ. ಬಣ್ಣದ ಪಟ್ಟಿಯನ್ನೂ ಸಕ್ಕರೆಯನ್ನೂ ಬಿಡಲಾರದ ಮೋಲಿ ಎಂಬ ಕುದುರೆ ಗೊರಸಿಗೆ ಕಲ್ಲು ಸಿಕ್ಕಿದೆಯೆಂದು ಬೇಗ ಮನೆಗೆ ಮರಳುತ್ತದೆ, ಕೊನೆಗೆ ಜಮೀನನ್ನೇ ಬಿಟ್ಟು ಓಡುತ್ತದೆ. ಬೆಕ್ಕು ಕೆಲಸದ ಹೊತ್ತಿಗೆ ಮಾಯ, ಊಟದ ಹೊತ್ತಿಗೆ ಹಾಜರ್. ಬೆಂಜಮಿನ್ ಎಂಬ ಕತ್ತೆ ಜೋನ್ಸ್ ಕಾಲದಲ್ಲಿ ಎಷ್ಟು ದುಡಿಯುತ್ತಿತ್ತೋ ಈಗಲೂ ಅಷ್ಟೇ ದುಡಿಯುತ್ತದೆ. ಕಳ್ಳಬೀಳುವುದಿಲ್ಲ, ಹೆಚ್ಚಿಗೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಅದಕ್ಕೆ ಹಂದಿಗಳಷ್ಟೇ ಚೆನ್ನಾಗಿ ಓದಲು ಬರುತ್ತದೆ, ಆದರೆ ಓದುವುದಿಲ್ಲ.

ಗಾಳಿಗಿರಣಿ ಮತ್ತು ಮೂರು ದಿನದ ವಾರ

ಗಾಳಿಗಿರಣಿ ಕಟ್ಟಿ ವಿದ್ಯುತ್ ತಯಾರಿಸಿದರೆ ಯಂತ್ರಗಳು ಕೆಲಸ ಮಾಡುತ್ತವೆ, ಆಮೇಲೆ ವಾರಕ್ಕೆ ಮೂರೇ ದಿನ ದುಡಿದರೆ ಸಾಕು ಎಂದು ಸ್ನೋಬಾಲ್ ಹೇಳುತ್ತದೆ. ಈಗ ಬೇಕಾದದ್ದು ಆಹಾರ, ಗೋದಲಿ ತುಂಬಲಿ ಎನ್ನುತ್ತದೆ ನೆಪೋಲಿಯನ್. ಯಂತ್ರದಿಂದ ಉಳಿಯುವ ಸಮಯ ದುಡಿಯುವವರಿಗೆ ಬಿಡುವಾಗಿ ಸಿಗುತ್ತದೆಯೋ, ಇಲ್ಲ ಇನ್ನಷ್ಟು ಉತ್ಪಾದನೆಯಾಗಿ ಬೇರೆಯವರ ಜೇಬು ಸೇರುತ್ತದೆಯೋ ಎಂಬುದು ಕೈಗಾರಿಕೆ ಹುಟ್ಟಿದಾಗಿನಿಂದ ಇರುವ ಪ್ರಶ್ನೆ. ಜಮೀನಿನಲ್ಲಿ ಉತ್ತರ ಸಿಗುವಷ್ಟರಲ್ಲಿ ವರ್ಷಗಳು ಕಳೆಯುತ್ತವೆ. ಸ್ನೋಬಾಲನ್ನು ನಾಯಿಗಳಿಂದ ಅಟ್ಟಿಸಿದ ನೆಪೋಲಿಯನ್ ಅದೇ ಗಿರಣಿಯನ್ನು ತನ್ನದೆಂದು ಘೋಷಿಸುತ್ತದೆ. ಮೊದಲ ಸಲ ಬಿರುಗಾಳಿಗೆ ಉರುಳುತ್ತದೆ, ಎರಡನೆಯ ಸಲ ನೆರೆಯ ಜಮೀನುದಾರ ಫ್ರೆಡರಿಕ್ಕನ ಜನ ಸಿಡಿಮದ್ದಿನಿಂದ ಉಡಾಯಿಸುತ್ತಾರೆ. ಮೂರನೆಯ ಸಲ ನಿಂತಾಗ ಅದರಿಂದ ವಿದ್ಯುತ್ ಬರುವುದಿಲ್ಲ. ಕಾಳು ಬೀಸಿ ಒಳ್ಳೆಯ ಲಾಭ ತರುತ್ತದೆ. ಆಗ ಇನ್ನೊಂದು ಗಿರಣಿಯ ಕೆಲಸ ಶುರುವಾಗುತ್ತದೆ. ಮೂರು ದಿನದ ವಾರದ ಮಾತನ್ನು ಯಾರೂ ಎತ್ತುವುದಿಲ್ಲ. ನಿಜವಾದ ಸುಖ ಕಷ್ಟಪಟ್ಟು ದುಡಿದು ಮಿತವಾಗಿ ಬಾಳುವುದರಲ್ಲಿದೆ ಎಂದು ನೆಪೋಲಿಯನ್ ಉಪದೇಶಿಸುತ್ತದೆ.

ಕೆಲಸದ ಹೊತ್ತು ಏರುವ ರೀತಿಯನ್ನು ಗಮನಿಸಬೇಕು. ವಸಂತ, ಬೇಸಿಗೆಗಳಲ್ಲಿ ವಾರಕ್ಕೆ ಅರವತ್ತು ಗಂಟೆ. ಆಗಸ್ಟಿನಲ್ಲಿ ಭಾನುವಾರ ಮಧ್ಯಾಹ್ನವೂ ಕೆಲಸ ಸೇರುತ್ತದೆ. ಅದು ಸಂಪೂರ್ಣ ಸ್ವಯಂಪ್ರೇರಿತ, ಆದರೆ ಬಾರದವರ ಪಡಿ ಅರ್ಧಕ್ಕೆ ಇಳಿಯುತ್ತದೆ. ಬಾಕ್ಸರ್ ಕೋಳಿಹುಂಜಕ್ಕೆ ಹೇಳಿ ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಏಳುತ್ತಿದ್ದುದು ಮುಕ್ಕಾಲು ಗಂಟೆಯಾಗುತ್ತದೆ, ನೆಪೋಲಿಯನ್ ಹಲವು ಪ್ರಾಣಿಗಳನ್ನು ಕೊಲ್ಲಿಸಿ ಅಂಗಳದಲ್ಲಿ ರಕ್ತ ಹರಿದ ದಿನ ಒಂದು ಪೂರ್ತಿ ಗಂಟೆಯಾಗುತ್ತದೆ. ತನ್ನ ಗೆಳೆಯರನ್ನು ಕೊಂದದ್ದನ್ನು ಕಣ್ಣಾರೆ ಕಂಡ ಕುದುರೆಗೆ ಹೊಳೆದ ಪರಿಹಾರ ಇನ್ನಷ್ಟು ದುಡಿಯುವುದೊಂದೇ. ಈ ಭಾಗವನ್ನು ಓದುವಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ.

ಇವು ಕಟ್ಟುಕಥೆಯ ಅತಿಶಯೋಕ್ತಿಗಳಲ್ಲ. 1919ರ ಏಪ್ರಿಲ್‌ನಲ್ಲಿ ಮಾಸ್ಕೋ ರೈಲ್ವೆ ಕಾರ್ಮಿಕರು ಶನಿವಾರಗಳಂದು ಸಂಬಳವಿಲ್ಲದೆ ದುಡಿಯುವ ‘ಸುಬೋತ್ನಿಕ್’ ಆರಂಭಿಸಿದಾಗ ಲೆನಿನ್ ಅದನ್ನು ಮಹಾನ್ ಆರಂಭವೆಂದು ಕೊಂಡಾಡಿದರು. ಕಾಲ ಕಳೆದಂತೆ ಸ್ವಂತ ಇಚ್ಛೆ ಹಿಂದೆ ಸರಿದು ಬಿಟ್ಟಿ ಮುಂದೆ ಬಂತು. 1936ರ ಸೋವಿಯತ್ ಸಂವಿಧಾನ ದುಡಿಯದವನಿಗೆ ಅನ್ನವಿಲ್ಲ ಎಂದು ಸಾರಿತು. 1940ರ ಜೂನ್ 26ರ ಶಾಸನ ಕೆಲಸದ ದಿನವನ್ನು ಎಂಟು ಗಂಟೆಗೆ ಏರಿಸಿತು, ಅನುಮತಿಯಿಲ್ಲದೆ ಕೆಲಸ ಬಿಡುವುದನ್ನು ಜೈಲು ಶಿಕ್ಷೆಯ ಅಪರಾಧವಾಗಿಸಿತು.

ಬಾಕ್ಸರ್‌ನ ಹಿಂದೆಯೂ ಒಂದು ನೆರಳಿದೆ. 1935ರ ಆಗಸ್ಟ್ ಕೊನೆಯಲ್ಲಿ ಸೋವಿಯತ್ ಒಕ್ಕೂಟದ ಡಾನ್‌ಬಾಸ್ ಪ್ರದೇಶದ ಗಣಿಯಲ್ಲಿ ಅಲೆಕ್ಸಿ ಸ್ಟಖಾನೊವ್ ಎಂಬ ಕಾರ್ಮಿಕ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ಕಡಿದ. ಗೊತ್ತುಪಡಿಸಿದ ಪ್ರಮಾಣಕ್ಕಿಂತ ಅದು 14 ಪಟ್ಟು. ಸುರಂಗಕ್ಕೆ ಮರದ ಆಧಾರ ಕೊಡುವ ಕೆಲಸವನ್ನು ಜೊತೆಗಾರರು ಮಾಡಿದ್ದರು, ಕೀರ್ತಿ ಒಬ್ಬನಿಗೆ ಬಂತು. ದೇಶದ ತುಂಬ ಅವನ ಹೆಸರಿನ ಚಳವಳಿ ಹಬ್ಬಿತು, ಮರುವರ್ಷ ಕೈಗಾರಿಕೆಗಳಲ್ಲಿ ಎಲ್ಲರ ಕೆಲಸದ ಪ್ರಮಾಣವನ್ನು ಏರಿಸಲಾಯಿತು. ಒಬ್ಬನ ಶ್ರಮವನ್ನು ಉಳಿದವರ ಅಳತೆಗೋಲು ಮಾಡುವ ಈ ಉಪಾಯ ಕಾದಂಬರಿಯಲ್ಲಿಯೂ ಇದೆ. ಬಾಕ್ಸರ್‌ನ ‘ಇನ್ನೂ ಹೆಚ್ಚು ದುಡಿಯುತ್ತೇನೆ’ ಎಂಬ ಮಾತನ್ನು ಅದು ಸತ್ತ ಮೇಲೆ ಪ್ರತಿಯೊಬ್ಬರೂ ತಮ್ಮದಾಗಿಸಿಕೊಳ್ಳಬೇಕೆಂದು ನೆಪೋಲಿಯನ್ ಭಾಷಣ ಮಾಡುತ್ತದೆ.

ಭಾನುವಾರಗಳಂದು ಸ್ಕ್ವೀಲರ್ ಉದ್ದನೆಯ ಕಾಗದ ಹಿಡಿದು, ಉತ್ಪಾದನೆ ಇನ್ನೂರು, ಮುನ್ನೂರು, ಐನೂರು ಪ್ರತಿಶತ ಏರಿದೆಯೆಂದು ಓದುತ್ತದೆ. ಅಂಕಿಯ ಬದಲು ಸ್ವಲ್ಪ ಮೇವು ಹೆಚ್ಚಿಗೆ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಪ್ರಾಣಿಗಳಿಗೆ ಕೆಲವೊಮ್ಮೆ ಅನಿಸುತ್ತದೆ. ಆ ಅನಿಸಿಕೆ ಹೊಟ್ಟೆಯೊಳಗೇ ಉಳಿಯುತ್ತದೆ.

ಕೋಳಿಗಳ ಮುಷ್ಕರ

ಇಡೀ ಕಾದಂಬರಿಯಲ್ಲಿ ದುಡಿಯುವವರು ಸಂಘಟಿತವಾಗಿ ‘ಇಲ್ಲ’ ಎನ್ನುವುದು ಒಂದೇ ಸಲ. ವಾರಕ್ಕೆ ನಾನೂರು ಮೊಟ್ಟೆ ಮಾರುವ ಒಪ್ಪಂದಕ್ಕೆ ನೆಪೋಲಿಯನ್ ಸಹಿ ಮಾಡಿದೆ. ಕೋಳಿಗಳು ಆಗಷ್ಟೇ ಕಾವಿಗೆ ಮೊಟ್ಟೆ ಜೋಡಿಸಿಕೊಳ್ಳುತ್ತಿದ್ದವು. ಮೂರು ಎಳೆಯ ಕಪ್ಪು ಹೇಂಟೆಗಳ ಮುಂದಾಳತ್ವದಲ್ಲಿ ಅವು ಜಂತಿಗೆ ಹಾರಿ ಅಲ್ಲಿಂದಲೇ ಮೊಟ್ಟೆ ಇಡುತ್ತವೆ. ಮೊಟ್ಟೆಗಳು ನೆಲಕ್ಕೆ ಬಿದ್ದು ಒಡೆಯುತ್ತವೆ. ನೆಪೋಲಿಯನ್ ಕೋಳಿಗಳ ಪಡಿ ನಿಲ್ಲಿಸುತ್ತದೆ, ಅವುಗಳಿಗೆ ಒಂದು ಕಾಳು ಕೊಟ್ಟವರಿಗೂ ಮರಣದಂಡನೆ ಎನ್ನುತ್ತದೆ. ಐದು ದಿನ ತಡೆದು ಕೋಳಿಗಳು ಸೋಲುತ್ತವೆ. ಅಷ್ಟರಲ್ಲಿ ಒಂಬತ್ತು ಸತ್ತಿವೆ. ರೋಗದಿಂದ ಸತ್ತವೆಂದು ಸುದ್ದಿ ಹಬ್ಬಿಸಲಾಗುತ್ತದೆ.

1929ರ ನಂತರ ಸಾಮೂಹಿಕ ಬೇಸಾಯಕ್ಕೆ ದನಕರುಗಳನ್ನು ಒಪ್ಪಿಸಬೇಕಾಗಿ ಬಂದಾಗ ಸೋವಿಯತ್ ರೈತರು ಅವನ್ನು ತಾವೇ ಕಡಿದುಹಾಕಿದರು. ಕೆಲವೇ ವರ್ಷಗಳಲ್ಲಿ ದೇಶದ ದನಗಳ, ಕುದುರೆಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಧಾನ್ಯವನ್ನು ಕಸಿದು ಒಯ್ದ 1932–33ರಲ್ಲಿ ಉಕ್ರೇನಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು, ಸರ್ಕಾರ ಕ್ಷಾಮವನ್ನೇ ಅಲ್ಲಗಳೆಯಿತು. ಒಂಬತ್ತು ಕೋಳಿಗಳ ಹಿಂದೆ ಇರುವುದು ಈ ಸಾವುಗಳು.

ಕೋಳಿಗಳು ಸೋತದ್ದು ಧೈರ್ಯದ ಕೊರತೆಯಿಂದಲ್ಲ. ಕುದುರೆ, ಹಸು, ಕುರಿ, ಕತ್ತೆ ಯಾವುದೂ ಜೊತೆಗೆ ನಿಲ್ಲಲಿಲ್ಲ. ಮೊಟ್ಟೆ ಕೋಳಿಯ ಸಮಸ್ಯೆ ಎಂದು ಅವು ತಿಳಿದವು. ಬಾಕ್ಸರ್ ಆ ಐದು ದಿನ ಕಲ್ಲು ಎಳೆಯುವುದನ್ನು ನಿಲ್ಲಿಸಿದ್ದರೆ ಗಿರಣಿಯೇ ನಿಲ್ಲುತ್ತಿತ್ತು. ಉಳಿದೆಲ್ಲ ಪ್ರಾಣಿಗಳ ಬಲ ಕೂಡಿಸಿದರೆ ಎಷ್ಟೋ ಅಷ್ಟು ಬಲ ಅದೊಂದಕ್ಕೇ ಇತ್ತು.

ಹನ್ನೆರಡು ವರ್ಷಕ್ಕೆ ನಿವೃತ್ತಿ

ಆರಂಭದಲ್ಲಿ ನಿವೃತ್ತಿಯ ನಿಯಮಗಳನ್ನೂ ಮಾಡಿದ್ದರು. ಕುದುರೆ, ಹಂದಿಗಳಿಗೆ ಹನ್ನೆರಡು ವರ್ಷ, ಹಸುಗಳಿಗೆ ಹದಿನಾಲ್ಕು, ನಾಯಿಗಳಿಗೆ ಒಂಬತ್ತು, ಕುರಿಗಳಿಗೆ ಏಳು, ಕೋಳಿಗಳಿಗೆ ಐದು. ಕುದುರೆಗೆ ದಿನಕ್ಕೆ ಐದು ಪೌಂಡ್ ಕಾಳು, ಚಳಿಗಾಲದಲ್ಲಿ ಹದಿನೈದು ಪೌಂಡ್ ಒಣಹುಲ್ಲು, ಹಬ್ಬದ ದಿನ ಒಂದು ಗಜ್ಜರಿ. ತೋಟದ ಆಚೆಗಿನ ಪುಟ್ಟ ಹುಲ್ಲುಗಾವಲು ವೃದ್ಧರಿಗೆ ಮೀಸಲು. ಪಿಂಚಣಿ ಯಾರ ಕೃಪೆಯೂ ಅಲ್ಲ, ಹಿಂದೆ ದುಡಿದದ್ದರಲ್ಲಿ ತಡೆಹಿಡಿದ ಪಾಲು. ಬಾಕ್ಸರ್ ಆ ಪಾಲನ್ನು ನಂಬಿತ್ತು. ಉಳಿದ ಇಪ್ಪತ್ತೆರಡು ಅಕ್ಷರಗಳನ್ನು ನಿವೃತ್ತಿಯ ಬಿಡುವಿನಲ್ಲಿ ಕಲಿಯುವ ಆಸೆ ಅದಕ್ಕಿತ್ತು. ಅಷ್ಟರಲ್ಲಿ ಆ ಹುಲ್ಲುಗಾವಲನ್ನು ಉತ್ತು ಬಾರ್ಲಿ ಬಿತ್ತುವುದೆಂದು ತೀರ್ಮಾನವಾಗಿತ್ತು. ಬಾರ್ಲಿ ಹಂದಿಗಳ ಬಿಯರ್‌ಗೆ.

ಕಲ್ಲು ಎಳೆಯುತ್ತಲೇ ಬಾಕ್ಸರ್ ಕುಸಿಯುತ್ತದೆ. ಆಸ್ಪತ್ರೆಗೆ ಒಯ್ಯುತ್ತೇವೆಂದು ಬಂದ ಗಾಡಿಯ ಮೇಲೆ ಕುದುರೆ ಕಡಿಯುವವನ, ಸರೇಸು ಕಾಯಿಸುವವನ ಹೆಸರಿದೆ. ಓದು ಬಲ್ಲ ಬೆಂಜಮಿನ್ ಜೀವನದಲ್ಲಿ ಮೊದಲ ಸಲ ನಾಗಾಲೋಟದಲ್ಲಿ ಓಡಿಬಂದು ಅದನ್ನು ಗಟ್ಟಿಯಾಗಿ ಓದುತ್ತದೆ. ತಡವಾಗಿದೆ. ಗಾಡಿಯೊಳಗಿಂದ ಗೊರಸಿನ ಸದ್ದು ಕೇಳುತ್ತದೆ. ಹಿಂದೆಂದೋ ಆಗಿದ್ದರೆ ನಾಲ್ಕು ಒದೆತಕ್ಕೆ ಗಾಡಿ ಚೂರಾಗುತ್ತಿತ್ತು, ಈಗ ಆ ಬಲವಿಲ್ಲ. ಮೇಜರ್ ಜೋನ್ಸ್ ಬಗ್ಗೆ ಹೇಳಿದ್ದ ಭವಿಷ್ಯವನ್ನು ನೆಪೋಲಿಯನ್ ಅಕ್ಷರಶಃ ನಡೆಸಿಕೊಟ್ಟಿದೆ. ಕೆಲವು ದಿನಗಳ ನಂತರ ಹಂದಿಗಳಿಗೆ ಒಂದು ಪೆಟ್ಟಿಗೆ ವಿಸ್ಕಿ ಕೊಳ್ಳಲು ಎಲ್ಲಿಂದಲೋ ಹಣ ಸಿಕ್ಕಿತು ಎಂಬ ಒಂದು ಸಾಲು ಬರುತ್ತದೆ. ಜೀವಮಾನದ ದುಡಿಮೆಯ ಕೊನೆಯ ಹೆಚ್ಚುವರಿ ಮೌಲ್ಯ ಅದು.

ತಪ್ಪು ಬಾಕ್ಸರ್‌ನದೇ, ಅಷ್ಟು ಮುಗ್ಧವಾಗಿರಬಾರದಿತ್ತು ಎನ್ನುವ ವಿಮರ್ಶಕರಿದ್ದಾರೆ. ನನಗದು ಒಪ್ಪಿಗೆಯಾಗುವುದಿಲ್ಲ. ಒಮ್ಮೆ ನೆಪೋಲಿಯನ್ನನ ನಾಯಿಗಳು ಬಾಕ್ಸರ್‌ನ ಮೇಲೆ ಎರಗುತ್ತವೆ. ಅದು ಒಂದನ್ನು ಗಾಳಿಯಲ್ಲೇ ತಡೆದು ಗೊರಸಿನ ಅಡಿ ಅದುಮುತ್ತದೆ, ಮತ್ತೆ ಕೊಲ್ಲಲೋ ಬಿಡಲೋ ಎಂದು ನೆಪೋಲಿಯನ್ನನ ಮುಖ ನೋಡುತ್ತದೆ. ಬಿಡು ಎನ್ನುತ್ತದೆ ನೆಪೋಲಿಯನ್, ಬಾಕ್ಸರ್ ಬಿಡುತ್ತದೆ. ಚಾಟಿ ಹಿಡಿದ ಹುಡುಗನ ಮುಂದಿನ ಕುದುರೆ ಇದೇ. ಅದಕ್ಕೆ ಬಲದ ಅರಿವಿಲ್ಲದಿರುವುದು ಹುಟ್ಟುಗುಣವಲ್ಲ. ಬಿಡುವಿಲ್ಲದ ದುಡಿಮೆ ಯೋಚಿಸುವ ಹೊತ್ತನ್ನೇ ಕಸಿದುಕೊಂಡಿತ್ತು, ಯೋಚಿಸುವ ಕೆಲಸ ಹಂದಿಗಳದೆಂದು ಮೊದಲ ಸುಗ್ಗಿಯಲ್ಲೇ ತೀರ್ಮಾನವಾಗಿತ್ತು. ಹೊಣೆ ಹೊರಬೇಕಾದವರಲ್ಲಿ ಬೆಂಜಮಿನ್ ಮೊದಲು. ಓದಬಲ್ಲವರು ಓದದೇ ಉಳಿದ ಬೆಲೆಯನ್ನು ಓದಲಾರದವರು ತೆತ್ತರು.

ಕಾಗದದ ದುಡಿಮೆ

ಕೊನೆಯ ಅಧ್ಯಾಯದಲ್ಲಿ ಹಂದಿಗಳು ದಿನವಿಡೀ ಕೆಲಸ ಮಾಡುತ್ತವೆ. ಕಡತ, ವರದಿ, ಟಿಪ್ಪಣಿ ಎಂಬ ಹೆಸರಿನ ದೊಡ್ಡ ಹಾಳೆಗಳನ್ನು ಒತ್ತಾಗಿ ಬರೆದು ತುಂಬಿಸಬೇಕು, ತುಂಬಿದ ಕೂಡಲೇ ಒಲೆಗೆ ಹಾಕಿ ಸುಡಬೇಕು. ಈ ದುಡಿಮೆಯಿಂದ ಒಂದು ಕಾಳೂ ಹುಟ್ಟುವುದಿಲ್ಲ, ಹಂದಿ ನಾಯಿಗಳ ಹಸಿವು ಮಾತ್ರ ಕುಗ್ಗುವುದಿಲ್ಲ. ಹಿಂದೆ ಪ್ರಾಣಿಗಳು ಸಾಕಬೇಕಿದ್ದುದು ಐವರು ದುಂದುಗಾರ ಮನುಷ್ಯರನ್ನು. ನೆಪೋಲಿಯನ್ನನ ಒಂದೇ ಪೀಳಿಗೆಯಲ್ಲಿ ಮೂವತ್ತೊಂದು ಮರಿಗಳು ಹುಟ್ಟಿವೆ, ಅವುಗಳಿಗೆ ಶಾಲೆ ಕಟ್ಟುವ ಕೆಲಸವನ್ನೂ ಅದೇ ಪ್ರಾಣಿಗಳು ಮಾಡುತ್ತವೆ. ಒಡೆತನವಿಲ್ಲದೆಯೂ ಆಡಳಿತದ ಹಿಡಿತದಿಂದಲೇ ಒಂದು ಹೊಸ ವರ್ಗ ಹುಟ್ಟಬಹುದು ಎಂದು ಯುಗೊಸ್ಲಾವಿಯಾದ ಮಿಲೊವಾನ್ ಜಿಲಾಸ್ 1957ರಲ್ಲಿ ಗ್ರಂಥ ಬರೆದು ವಾದಿಸಿದರು. ಆರ್ವೆಲ್ ಆ ವರ್ಗವನ್ನು ಅದಕ್ಕೆ ಹನ್ನೆರಡು ವರ್ಷ ಮೊದಲೇ ಚಿತ್ರಿಸಿಯಾಗಿತ್ತು.

ಊಟಕ್ಕೆ ಬಂದ ನೆರೆಯ ಜಮೀನುದಾರ ಪಿಲ್ಕಿಂಗ್ಟನ್ ಹಂದಿಗಳನ್ನು ಮನಸಾರೆ ಹೊಗಳುತ್ತಾನೆ: ಈ ಪ್ರಾಂತದ ಯಾವ ಪ್ರಾಣಿಗಳಿಗಿಂತಲೂ ಇಲ್ಲಿನ ಕೆಳವರ್ಗದ ಪ್ರಾಣಿಗಳು ಹೆಚ್ಚು ದುಡಿದು ಕಡಿಮೆ ತಿನ್ನುತ್ತವೆ. ನಿಮಗೆ ಕೆಳಮಟ್ಟದ ಪ್ರಾಣಿಗಳ ಕಾಟ, ನಮಗೆ ಕೆಳವರ್ಗಗಳ ಕಾಟ ಎಂದು ಚಟಾಕಿ ಹಾರಿಸುತ್ತಾನೆ. ಪುಸ್ತಕ ಸೋವಿಯತ್ ದೇಶಕ್ಕಷ್ಟೇ ಸಂಬಂಧಿಸಿದ್ದಲ್ಲ ಎಂಬುದಕ್ಕೆ ಈ ಮಾತು ಸಾಕು. ಬಂಡವಾಳಿಗನೂ ಕ್ರಾಂತಿಯ ಒಡೆಯನೂ ಒಂದೇ ಅಳತೆಗೋಲಿನಿಂದ ಯಶಸ್ಸನ್ನು ಅಳೆಯುತ್ತಾರೆ.

ಉತ್ತರವಾಗಿ ನೆಪೋಲಿಯನ್ ಆಡುವ ಮಾತಿನ ನಡುವೆ, ಗದ್ದಲದಲ್ಲಿ ಯಾರಿಗೂ ಕೇಳಿಸದಂಥ ಒಂದು ವಾಕ್ಯವಿದೆ. ಈ ಜಮೀನು ಒಂದು ಸಹಕಾರಿ ಉದ್ಯಮ, ಇದರ ಹಕ್ಕುಪತ್ರಗಳು ತನ್ನ ವಶದಲ್ಲಿವೆ, ಅವು ಹಂದಿಗಳ ಜಂಟಿ ಒಡೆತನದಲ್ಲಿವೆ. ಹಕ್ಕುಪತ್ರವನ್ನು ಯಾವಾಗ ಬರೆದರು, ಯಾರ ಒಪ್ಪಿಗೆ ಕೇಳಿದರು ಎಂದು ಕಾದಂಬರಿ ಎಲ್ಲಿಯೂ ಹೇಳುವುದಿಲ್ಲ. ಕಿಟಕಿಯ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದ ಪ್ರಾಣಿಗಳು ಹಂದಿಗಳ ಮುಖ ಯಾವುದು, ಮನುಷ್ಯರ ಮುಖ ಯಾವುದು ಎಂದು ಗುರುತಿಸಲಾಗದೆ ಗೊಂದಲಗೊಳ್ಳುತ್ತವೆ. ಎಲ್ಲರೂ ನೆನಪಿಟ್ಟುಕೊಳ್ಳುವುದು ಆ ಮುಖಗಳನ್ನು. ದುಡಿಮೆಯ ಜಾಡು ಹಿಡಿದು ಓದುವವರು ನಿಂತು ನೋಡಬೇಕಾದದ್ದು ಆ ಕಾಗದವನ್ನು.